ಅಕ್ಕನ ಬೈಕಿನ ಸೀಟಿನಡಿ ವಾಸವಾಗಿದ್ದ ಪುಟ್ಟ ಬ್ಯಾಟರಿಯವರಿಗೆ ಒಂದು ಬಿನ್ನಹ

ಮಾನ್ಯರೇ,

ಮೊದಲಿಗೆ ತಮಗೂ, ತಮ್ಮ ಪ್ಲಸ್ ತುದಿಗೂ ಮೈನಸ್ ತುದಿಗೂ ನನ್ನ ಗೌರವಪೂರ್ವಕ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ. ತಮ್ಮ ಕ್ಷೇಮವನ್ನು ಮೀಟರಿನ ಮುಳ್ಳಿನಿಂದ ತಿಳಿದುಕೊಳ್ಳಲು ಹಲವು ಸಲ ಪ್ರಯತ್ನಿಸಿದೆವು, ಮುಳ್ಳು ಮಲಗಿದ್ದಲ್ಲಿಂದ ಏಳಲಿಲ್ಲವಾದ್ದರಿಂದ ಈಗ ಕಾಗದದ ಮೂಲಕವೇ ವಿಚಾರಿಸುತ್ತಿದ್ದೇನೆ. ತಮ್ಮಂಥ ದೊಡ್ಡವರಿಗೆ, ಅಂದರೆ ಆಕಾರದಲ್ಲಿ ಸಾಬೂನಿನ ಪೆಟ್ಟಿಗೆಯಷ್ಟಿದ್ದರೂ ಮೈಮೇಲೆ ಬರೆಸಿಕೊಂಡ ಅಂಕಿಯಲ್ಲಿ ದೊಡ್ಡವರಾದ ತಮ್ಮಂಥವರಿಗೆ, ನನ್ನಂಥವನು ನೇರವಾಗಿ ಕಾಗದ ಬರೆಯುವುದು ಅಧಿಕಪ್ರಸಂಗವೆಂದು ಬಲ್ಲೆ. ಆದರೆ ನಾನು ತೀರ ಅಪರಿಚಿತನೇನೂ ಅಲ್ಲ. ನಾನು ಬೈಕುಗಳಿಗೆ ಸೀಟು ಹೊಲಿಯುವವನು; ತಾವು ಇಷ್ಟು ದಿನ ವಾಸವಾಗಿದ್ದ ಜಾಗದ ಚಾವಣಿಯನ್ನು ಹೊಲಿದವನು ನಾನೇ. ಎದುರಿಗೆ ನಿಂತು ಯಾರಿಗೂ ಏನನ್ನೂ ಹೇಳಲು ನನಗೆ ಬಾಯಿ ಬರುವುದಿಲ್ಲ, ತಮ್ಮೆದುರಿಗೂ ಬರಲಿಲ್ಲ. ಇದನ್ನು ಎಲ್ಲರೂ ಓದುವಂತೆ ಬರೆಯುತ್ತಿರುವುದು ತಮಗೆ ಅವಮಾನ ಮಾಡಲೆಂದು ಖಂಡಿತ ಅಲ್ಲ. ತಮ್ಮ ಅಣ್ಣತಮ್ಮಂದಿರು ಇನ್ನೂ ಅನೇಕರು ಅಂಗಡಿಗಳ ಗಾಜಿನ ಕಪಾಟುಗಳಲ್ಲಿ ಕುಳಿತು ಸಂಬಂಧಕ್ಕಾಗಿ ಕಾಯುತ್ತಿದ್ದಾರೆ, ಅವರನ್ನು ನೋಡಲು ಹೋಗುವವರಿಗೆ ತಮ್ಮ ಕೀರ್ತಿ ತಿಳಿದಿರಲಿ ಎಂದಷ್ಟೇ.

ತಮಗೆ ಎಲ್ಲವೂ ಗೊತ್ತಿದೆಯಾದರೂ, ಬೇರೆ ಓದುಗರ ಅನುಕೂಲಕ್ಕಾಗಿ ನಮ್ಮ ಅಕ್ಕನ ವಿಷಯವನ್ನು ಸ್ವಲ್ಪ ಹೇಳುವುದಕ್ಕೆ ಅಪ್ಪಣೆಯಾಗಬೇಕು. ಅಕ್ಕ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸ ಮಾಡುತ್ತಾಳೆ. ಬೆಳಗಿನ ಹೊತ್ತು ಜನ ಏನೂ ತಿನ್ನದೆ ಕಾಯುತ್ತಿರುವಾಗ ಅವರ ಮನೆಗಳಿಗೇ ಹೋಗಿ, ರಕ್ತ ತೆಗೆದು, ಪುಟ್ಟ ಸೀಸೆಗಳಲ್ಲಿ ತುಂಬಿ, ತಂಪು ಪೆಟ್ಟಿಗೆಯಲ್ಲಿಟ್ಟು ಲ್ಯಾಬಿಗೆ ತರುವುದು ಅವಳ ಕೆಲಸ. ಇದಕ್ಕೆ ಮೊದಲು ಅವಳನ್ನು ಬಹಳ ವರ್ಷ ಅದೇ ಲ್ಯಾಬಿನ ಕೌಂಟರಿನಲ್ಲಿ ಕೂರಿಸಿದ್ದರು. ಅವಳ ಬಲಗಾಲು ಚಿಕ್ಕಂದಿನಿಂದ ಬಲವಿಲ್ಲದ್ದು, ಆದ್ದರಿಂದ ಕೂತುಕೊಳ್ಳುವ ಕೆಲಸ ಕೊಟ್ಟರೆ ಅವಳಿಗೆ ಉಪಕಾರ ಮಾಡಿದಂತೆ ಎಂದು ಎಲ್ಲರೂ ತಿಳಿದಿದ್ದರು, ಅಕ್ಕನೊಬ್ಬಳನ್ನು ಬಿಟ್ಟು. ಗಾಜಿನ ತೂತಿನೊಳಗಿಂದ ಜನರ ಹೊಟ್ಟೆಯನ್ನಷ್ಟೇ ನೋಡುತ್ತಾ ಕೂತು ಸಾಕಾಗಿ, ಅವಳು ಮೇಲಿನವರ ಹಿಂದೆ ಬಿದ್ದು ಬೇಡಿ, ಜಗಳವಾಡಿ, ಈ ಮನೆಮನೆ ಸುತ್ತುವ ಕೆಲಸವನ್ನು ಕಿತ್ತುಕೊಂಡಳು. ಅದಕ್ಕೆ ಒಂದು ಗಾಡಿ ಬೇಕಾಯಿತು.

ಸ್ಕೂಟರ್ ಯಾಕಾಗಬಾರದಿತ್ತು ಎಂದು ತಾವು ಕೇಳಬಹುದು. ಬೀದಿಯವರೆಲ್ಲ ಅದನ್ನೇ ಕೇಳಿದರು. "ನಿನಗೆ ಸ್ಕೂಟರೇ ಸರಿ ಕಣಮ್ಮ" ಎಂದು ಎದುರು ಮನೆಯ ಟೈಲರ್ ಹೇಳಿದರು, ಮೂಲೆಯ ಅಂಗಡಿಯವರು ಹೇಳಿದರು, ನಮ್ಮ ಅಮ್ಮನೂ ಹೇಳಿದಳು. ಆ ಮಾತಿನಲ್ಲಿ ಸ್ಕೂಟರಿನ ಬಗ್ಗೆ ಅಕ್ಕನಿಗೆ ಯಾವ ತಕರಾರೂ ಇರಲಿಲ್ಲ, 'ನಿನಗೆ' ಎಂದು ಅವರು ಒತ್ತಿ ಹೇಳುತ್ತಿದ್ದುದು ಮಾತ್ರ ಅವಳಿಗೆ ಹಿಡಿಸಲಿಲ್ಲ. ಅಪ್ಪನ ಹಳೆಯ ಮೋಟಾರ್ ಸೈಕಲ್ಲು, ಅವರ ಕಣ್ಣು ಮಂಜಾದ ಮೇಲೆ, ಹಿತ್ತಲಲ್ಲಿ ಗೋಣಿ ಹೊದ್ದು ನಿಂತಿತ್ತು. ಚಿಕ್ಕವಳಿದ್ದಾಗ ಅದರ ಟ್ಯಾಂಕಿನ ಮೇಲೆ ಕೂತು ಊರೆಲ್ಲ ಸುತ್ತಿದವಳು ಅವಳು. "ನನಗೆ ಅದೇ ಬೇಕು, ಆದರೆ ಅದನ್ನ ಸ್ಟಾರ್ಟ್ ಮಾಡೋಕೆ ನಾನು ಯಾರನ್ನೂ ಕರೀಬಾರದು. ಅಷ್ಟೇ" ಎಂದಳು. ಮಾನ್ಯರೇ, ಅವಳು ಕೇಳಿದ್ದು ಇದೊಂದನ್ನೇ. ತಾವು ನಮ್ಮ ಮನೆಗೆ ಬಂದದ್ದೂ ಇದೊಂದಕ್ಕೇ.

ನಮ್ಮ ಸೋದರಮಾವ ಗ್ಯಾರೇಜ್ ನಡೆಸುತ್ತಾರೆ. ಹಳೆಯ ಬೈಕುಗಳನ್ನು ಬಿಚ್ಚಿ, ಕೊಯ್ದು, ಬೆಸೆದು, ಗುರುತೇ ಸಿಗದಂತೆ ಹೊಸದು ಮಾಡುವುದರಲ್ಲಿ ಅವರದು ದೊಡ್ಡ ಹೆಸರು. ಅವರ ಕೆಲಸದ ರೀತಿ ಏನೆಂದರೆ, ಗಾಡಿ ಬಂದ ಕೂಡಲೇ ಅದಕ್ಕೆ ಏನು ಹಾಕಬೇಕೆಂದು ಅವರು ಯೋಚಿಸುವುದಿಲ್ಲ, ಅದರಿಂದ ಏನನ್ನು ಕಿತ್ತು ಹಾಕಬಹುದೆಂದು ಯೋಚಿಸುತ್ತಾರೆ. ಅಪ್ಪನ ಬೈಕಿನಿಂದ ಮೊದಲು ಹಿಂದಿನ ಮಡ್‌ಗಾರ್ಡ್ ಹೋಯಿತು, ಆಮೇಲೆ ಸೈಡ್ ಕವರುಗಳು ಹೋದವು, ಆಮೇಲೆ ಉಪಕರಣದ ಪೆಟ್ಟಿಗೆ, ಹಳೆಯ ಬ್ಯಾಟರಿಯ ತಟ್ಟೆ. ಹಿಂದಿನ ಬ್ರೇಕನ್ನು ಅಕ್ಕನ ಕೈಗೆ ಸಿಗುವಂತೆ ಹ್ಯಾಂಡಲ್ಲಿಗೆ ತಂದರು, ಅದು ನಿಜಕ್ಕೂ ಒಳ್ಳೆಯ ಕೆಲಸ. ಹಳೆಯ ಎಂಜಿನ್ನಿಗೆ ಸ್ಟಾರ್ಟರ್ ಮೋಟಾರು ಕೂರಿಸಿದರು, ಅದು ಇನ್ನೂ ಒಳ್ಳೆಯ ಕೆಲಸ. ಅದೇ ಹುರುಪಿನಲ್ಲಿ ಕಿಕ್ಕರನ್ನು ಬಿಚ್ಚಿ, ಅದು ಇದ್ದ ತೂತಿಗೆ ಹೊಳೆಯುವ ಬಿರಡೆಯೊಂದನ್ನು ಬಡಿದು ಮುಚ್ಚಿದರು.

"ಮಾವ, ಅದಿದ್ದಿದ್ರೆ ಕೈಕೊಟ್ಟಾಗ ಯಾರಾದ್ರೂ ಒದ್ದು ಸ್ಟಾರ್ಟ್ ಮಾಡಿಕೊಡ್ತಿದ್ರಲ್ಲ" ಎಂದು ಅಕ್ಕ ಮೆಲ್ಲಗೆ ಹೇಳಿದಳು. "ಯಾರಾದ್ರೂ ಒದ್ದು ಕೊಡೋದಾದ್ರೆ ನಿನಗೆ ಸೆಲ್ಫ್ ಯಾಕೆ ಬೇಕಿತ್ತು?" ಎಂದರು ಮಾವ. ಅಕ್ಕನ ಮಾತನ್ನು ಅಕ್ಕನಿಗೇ ತಿರುಗಿಸಿ ಕೊಟ್ಟರು. ಹೀಗೆ, ತಾವು ಇನ್ನೂ ಹುಟ್ಟೂರು ಬಿಟ್ಟು ಹೊರಡುವ ಮೊದಲೇ, ಇಡೀ ಬೈಕಿನ ಭಾರ ತಮ್ಮೊಬ್ಬರ ಹೆಗಲಿಗೆ ಬಿದ್ದಿತ್ತು.

ಈಗ ತಮ್ಮ ಆಯ್ಕೆ ಹೇಗೆ ನಡೆಯಿತೆಂಬುದನ್ನು ನಿವೇದಿಸುತ್ತೇನೆ. ಮಾವನಿಗೆ ಸೀಟಿನ ಕೆಳಗೆ ಬೆಳಕು ಕಾಣಬೇಕು. ಎಂಜಿನ್ನಿಗೂ ಹಿಂದಿನ ಚಕ್ರಕ್ಕೂ ನಡುವಿನ ಆ ಮೂರು ಮೂಲೆಯ ಜಾಗದಲ್ಲಿ ಏನೂ ಇರಬಾರದು, ಈ ಕಡೆಯಿಂದ ಕೈ ತೂರಿಸಿದರೆ ಆ ಕಡೆ ನಿಂತವನೊಂದಿಗೆ ಕೈಕುಲುಕುವಂತಿರಬೇಕು. ಬಂದ ಗಿರಾಕಿಗಳಿಗೆಲ್ಲ ಅವರು ಹಾಗೆ ಕೈಕುಲುಕಿಯೂ ತೋರಿಸುತ್ತಾರೆ. ಆದ್ದರಿಂದ ಅವರು ಮೊದಲು ತಗಡನ್ನು ಮಡಿಸಿ ಒಂದು ಪುಟ್ಟ ಡಬ್ಬಿ ಮಾಡಿದರು. ಅದರ ಅಂಚುಗಳನ್ನು ಉಜ್ಜಿ ಉಜ್ಜಿ ಕೂಸಿನ ಕೆನ್ನೆಯಂತೆ ಮಾಡಿದರು, ಅದಕ್ಕೆ ಕಪ್ಪು ಬಣ್ಣ ಹೊಡೆದರು, ಅದೇ ಅಳತೆಯ ಇನ್ನೊಂದನ್ನು ಸೀಟಿನ ಅಡಿಗೆ, ಯಾರ ಕಣ್ಣಿಗೂ ಬೀಳದಂತೆ, ಬೆಸೆದೂಬಿಟ್ಟರು. ಎಲ್ಲ ಮುಗಿದ ಮೇಲೆ ಒಂದು ಹೆಜ್ಜೆ ಹಿಂದೆ ನಿಂತು ನೋಡಿ, ಮಿಗಿಸಿಕೊಂಡ ಡಬ್ಬಿಯನ್ನು ನನ್ನ ಕೈಗಿಟ್ಟು, "ಹೋಗು, ಇದರೊಳಗೆ ಹಿಡಿಸೋ ಬ್ಯಾಟರಿ ಒಂದು ತಗೊಂಡ್ ಬಾ" ಎಂದರು.

ಮಾನ್ಯರೇ, ಜಗತ್ತಿನಲ್ಲಿ ಕಾಲಿನ ಅಳತೆ ತೆಗೆದುಕೊಂಡು ಚಪ್ಪಲಿ ಮಾಡುವವರಿದ್ದಾರೆ. ನಮ್ಮ ಮನೆತನದಲ್ಲಿ ಚಪ್ಪಲಿ ಮಾಡಿಟ್ಟುಕೊಂಡು ಕಾಲು ಹುಡುಕಲು ಹೊರಡುತ್ತಾರೆ. ನಾನು ಆ ಖಾಲಿ ಡಬ್ಬಿಯನ್ನು ಎದೆಗವಚಿಕೊಂಡು ಬ್ಯಾಟರಿ ಅಂಗಡಿಗೆ ಹೋದೆ. "ಯಾವ ಗಾಡಿ?" ಎಂದು ಅಂಗಡಿಯವರು ಕೇಳಿದರು. ನಾನು ಡಬ್ಬಿಯನ್ನು ಮೇಲೆತ್ತಿ ತೋರಿಸಿದೆ. "ಗಾಡಿ ಯಾವುದಪ್ಪಾ ಅಂದೆ, ಡಬ್ಬಿ ಯಾವುದು ಅನ್ನಲಿಲ್ಲ" ಎಂದರು. ನಾನು ಡಬ್ಬಿಯನ್ನು ಇನ್ನೂ ಸ್ವಲ್ಪ ಮೇಲೆತ್ತಿದೆ. ಕೊನೆಗೆ ಅಪ್ಪನ ಬೈಕಿನ ಹೆಸರು ಹೇಳಿದೆ. ಅವರು ಪಾಪ, ನೆಲದ ಮೇಲೆ ಸಾಲಾಗಿ ಕೂತಿದ್ದ ದಪ್ಪ ಕಪ್ಪು ಬ್ಯಾಟರಿಗಳ ಕಡೆ ಕೈ ತೋರಿಸಿ, "ಅಷ್ಟು ದೊಡ್ಡ ಎಂಜಿನ್ನಿಗೆ ಇವು ಬೇಕು" ಎಂದರು. ಅವುಗಳಲ್ಲಿ ಒಂದೂ ಡಬ್ಬಿಗೆ ತಲೆಯನ್ನು ಕೂಡ ತೂರಿಸುವಂತಿರಲಿಲ್ಲ. ಆಗ ಅವರು ಕೈ ಒರೆಸಿಕೊಂಡು, ಗಾಜಿನ ಕಪಾಟು ತೆರೆದು, ಹತ್ತಿಯ ಮೇಲಿಟ್ಟ ಒಡವೆಯಂತೆ ತಮ್ಮನ್ನು ಹೊರಗೆ ತೆಗೆದರು.

ಆಹಾ, ತಮ್ಮದು ಎಂಥ ಚೆಲುವು! ತಮ್ಮನ್ನು ಕೈಯಲ್ಲಿ ಹಿಡಿದರೆ ಹಿಡಿದಂತೆಯೇ ಇರಲಿಲ್ಲ. ಒಳಗೆ ಎಷ್ಟು ಕರೆಂಟು ಹಿಡಿಸುತ್ತದೆಂಬುದಕ್ಕೆ ತಮ್ಮ ಮೈಮೇಲೆ ದಪ್ಪ ಅಕ್ಷರದಲ್ಲಿ ಹನ್ನೆರಡು ಎಂದಿತ್ತು, ಅದರ ಕೆಳಗೆ ಇರುವೆ ನಡೆದು ಹೋದಂತೆ ಇನ್ನೇನೋ ಬರೆದಿತ್ತು. ಅದೇನೆಂದು ಕೇಳಿದ್ದಕ್ಕೆ, "ಇದು ಹನ್ನೆರಡಕ್ಕೆ ಸಮಾನ ಅಂತ ಅರ್ಥ. ಒಳಗೆ ನಿಜವಾಗಿ ಇರೋದು ನಾಲ್ಕು" ಎಂದು ಅಂಗಡಿಯವರು ಸಂಕೋಚವಿಲ್ಲದೆ ಹೇಳಿದರು. ಇಂಥ ಸೌಲಭ್ಯ ಇದೆಯೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಇನ್ನು ಮುಂದೆ ನಾನೂ ನನ್ನ ಅಂಗಡಿಯ ಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ಎಂಜಿನಿಯರ್ ಎಂದು ಬರೆಸಿ, ಅದರ ಕೆಳಗೆ ಇರುವೆಯ ಅಕ್ಷರದಲ್ಲಿ 'ಗೆ ಸಮಾನ, ನಾಲ್ಕನೆ ತರಗತಿ' ಎಂದು ಸೇರಿಸಬಹುದೇ ಎಂಬುದನ್ನು ತಾವು ದಯಮಾಡಿ ತಿಳಿಸಬೇಕು.

ಅಂಗಡಿಯವರ ಮೇಲೆ ನಾನು ತಪ್ಪು ಹೊರಿಸಲಾರೆ. ಅವರು ಕೇಳಬೇಕಾದ ಒಂದು ಪ್ರಶ್ನೆಯನ್ನು ಕೇಳಿಯೇ ಕೇಳಿದರು: "ಗಾಡಿ ಓಡಿಸೋರು ಒಂದೇ ಸಲಕ್ಕೆ ದೂರ ಹೋಗ್ತಾರಾ, ಇಲ್ಲಾ ನಿಲ್ಲಿಸಿ ನಿಲ್ಲಿಸಿ ಹೋಗ್ತಾರಾ?" ನಾನು ಮಾವನಿಗೆ ಫೋನ್ ಮಾಡಿದೆ. ಮಾವನಿಗೆ ಗೊತ್ತಿರುವ ಬೈಕಿನವರೆಲ್ಲ ಭಾನುವಾರ ಬೆಳಿಗ್ಗೆ ಒಮ್ಮೆ ಬಟನ್ ಒತ್ತಿ, ಬಹುದೂರ ಹೋಗಿ ತಿಂಡಿ ತಿಂದು, ಇನ್ನೊಮ್ಮೆ ಒತ್ತಿ ಮನೆಗೆ ಬರುವವರು. "ದೂರ ಹೋಗೋ ಗಾಡಿ ಅಂತ ಹೇಳೋ, ನಮ್ಮ ಗ್ಯಾರೇಜಿಂದ ಹೊರಟ ಗಾಡಿ ಹತ್ತಿರ ಹೋಗುತ್ತಾ?" ಎಂದು ಅವರು ನಕ್ಕರು. ನಾನು ಹಾಗೆಯೇ ಹೇಳಿದೆ. ತಾವು ಡಬ್ಬಿಯೊಳಗೆ ಕೂತಿರಿ, 'ಕಟ್' ಎಂದು, ಎಲ್ಲಿಯೂ ಉಗುರು ತೂರಿಸಲೂ ಸಂದಿ ಉಳಿಯದಂತೆ. ಅಂಗಡಿಯವರೂ ನಾನೂ ಬಗ್ಗಿ ಬಗ್ಗಿ ನೋಡಿದೆವು. ಸರಿಯಾಗಿ ಹಿಡಿಸಿದ ವಸ್ತು ಸರಿಯಾದ ವಸ್ತುವೇ ಆಗಿರಬೇಕೆಂದು ನಮಗಿಬ್ಬರಿಗೂ ಅನ್ನಿಸಿಬಿಟ್ಟಿತು.

ಗ್ಯಾರೇಜಿನಲ್ಲಿ ತಮಗೆ ಸಿಕ್ಕ ಮರ್ಯಾದೆಯನ್ನು ತಾವು ಮರೆತಿರಲಾರಿರಿ. ಮಾವ ತಮ್ಮನ್ನು ಎರಡೇ ಬೆರಳಲ್ಲಿ ಎತ್ತಿ ಬಂದವರಿಗೆಲ್ಲ ತೋರಿಸಿದರು. ಪರೀಕ್ಷೆಯ ದಿನ ಮಾತ್ರ ತಮ್ಮನ್ನು ಕಷ್ಟಕ್ಕೆ ಒಡ್ಡಲಿಲ್ಲ. ಗ್ಯಾರೇಜಿನ ಮೂಲೆಯಲ್ಲಿ ಒಂದು ಸ್ಟೂಲು, ಅದರ ಮೇಲೆ ಲಾರಿಯ ದೊಡ್ಡ ಬ್ಯಾಟರಿ, ಅದಕ್ಕೆ ಕೆಂಪು ಕಪ್ಪು ಎರಡು ದಪ್ಪ ವೈರು, ವೈರಿನ ತುದಿಗೆ ಮೊಸಳೆಯ ಬಾಯಂಥ ಕ್ಲಿಪ್ಪುಗಳು. ಅಲ್ಲಿಗೆ ಬಂದ ಯಾವ ಗಾಡಿಯೇ ಆಗಲಿ, ಮಾವ ಮೊದಲು ಆ ಕ್ಲಿಪ್ಪುಗಳನ್ನು ಕಚ್ಚಿಸಿ ಆಮೇಲೆ ಬಟನ್ ಒತ್ತುತ್ತಾರೆ. ಯಾಕೆಂದರೆ, "ಹೊಸ ಬ್ಯಾಟರಿ, ಸುಮ್ಮನೆ ಯಾಕೆ ಸುಸ್ತು ಮಾಡಬೇಕು?" ಬಹಳ ವರ್ಷದ ರೂಢಿಯಾದ್ದರಿಂದ ಕ್ಲಿಪ್ಪು ಹಾಕಿದ್ದು ಅವರ ಕೈಗೆ ಮಾತ್ರ ಗೊತ್ತಿರುತ್ತದೆ, ತಲೆಗೆ ಗೊತ್ತಿರುವುದಿಲ್ಲ. ಬಟನ್ ಒತ್ತಿದರು, ಎಂಜಿನ್ ಗುಡುಗಿತು, ನಿಂತವರು ಚಪ್ಪಾಳೆ ತಟ್ಟಿದರು. ಪರೀಕ್ಷೆ ಬರೆದದ್ದು ಸ್ಟೂಲಿನ ಮೇಲಿದ್ದವರು, ಪಾಸಾದದ್ದು ತಾವು. "ನೋಡು, ಇಷ್ಟುದ್ದ ಇದೆ, ಆನೇನ ಎಬ್ಬಿಸ್ತು!" ಎಂದು ಮಾವ ತಮ್ಮ ಬೆನ್ನು ತಟ್ಟಿದರು.

ಅಕ್ಕ ಬೈಕನ್ನು ಮನೆಗೆ ತಂದ ಮಾರನೆ ಬೆಳಿಗ್ಗೆಯ ಹೊತ್ತಿಗೆ ತಾವು ಇಡೀ ರಾತ್ರಿ ಚಾರ್ಜರಿನಲ್ಲಿ ಹೊಟ್ಟೆ ತುಂಬ ಕುಡಿದಿದ್ದಿರಿ. ಅವಳು ಗೇಟಿನ ಎದುರು ಹೆಬ್ಬೆರಳಿನಿಂದ ಬಟನ್ ಒತ್ತಿದಳು, ಹೊರಟಳು. ಅಮ್ಮ ಕಿಟಕಿಯಲ್ಲಿ ನಿಂತು, ಹುಷಾರು ಎಂದು ಹೇಳಬೇಕೆಂದುಕೊಂಡದ್ದನ್ನು ಹೇಳಲು ಹೊತ್ತು ಸಿಗಲಿಲ್ಲವೆಂದು ಬೈದುಕೊಂಡಳು. ಕಣ್ಣು ಕಾಣದ ಅಪ್ಪ ಕುರ್ಚಿಯಲ್ಲೇ ಕೂತು, ಸದ್ದು ತಿರುವಿನಲ್ಲಿ ಸಣ್ಣಗಾಗುವವರೆಗೂ ಕಿವಿಗೊಟ್ಟು, "ಎರಡನೆ ಗೇರಲ್ಲಿ ಸ್ವಲ್ಪ ಜಾಸ್ತಿ ಎಳೀತಾಳೆ" ಎಂದರು. ನಮ್ಮ ಮನೆಯಲ್ಲಿ ಅದು ಹೊಗಳಿಕೆ. ಆ ಒಂದು ಬೆಳಗಿಗಾಗಿ ತಮಗೆ ಧನ್ಯವಾದ ಹೇಳಬೇಕಾದ್ದು ನನ್ನ ಕರ್ತವ್ಯ, ಈ ಪತ್ರದಲ್ಲಿ ವ್ಯಂಗ್ಯವಿಲ್ಲದೆ ಹೇಳುತ್ತಿರುವ ಧನ್ಯವಾದವೂ ಅದೊಂದೇ.

ಆಮೇಲಿನದು ತಮಗೆ ಗೊತ್ತೇ ಇದೆ. ಅಕ್ಕನ ಕೆಲಸ ದೂರ ಹೋಗುವುದಲ್ಲ, ನಿಲ್ಲುವುದು. ಒಂದು ಮನೆಯ ಮುಂದೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ರಕ್ತ ತೆಗೆದು, ಬಂದು ಬಟನ್ ಒತ್ತಿ, ನಾಲ್ಕು ಮನೆಯಾಚೆ ಮತ್ತೆ ನಿಲ್ಲಿಸಬೇಕು. ಎಂಜಿನ್ನು ತಮ್ಮ ಬಾಯಿಗೆ ಒಂದು ಗುಟುಕು ಕರೆಂಟು ಹಾಕುವಷ್ಟರಲ್ಲಿ ಮುಂದಿನ ಗೇಟು ಬಂದಿರುತ್ತದೆ, ದೀಪವೋ ಹಗಲೂ ಉರಿಯುತ್ತಲೇ ಇರುತ್ತದೆ. ಬೀದಿಯ ಅರ್ಧ ಮುಗಿಯುವ ಹೊತ್ತಿಗೆ ತಾವು ತಮ್ಮ ಪ್ರಸಿದ್ಧ ಉತ್ತರವನ್ನು ಕೊಡಲು ಶುರುಮಾಡುತ್ತಿದ್ದಿರಿ: ಟಕ್, ಟಕ್, ಟಕ್. ಕಚೇರಿಯಲ್ಲಿ ಅರ್ಜಿಯನ್ನು ಓದದೆಯೇ ಮುದ್ರೆ ಒತ್ತುವವರ ಗಾಂಭೀರ್ಯ ಅದರಲ್ಲಿರುತ್ತಿತ್ತು. ಅಕ್ಕ ಎಷ್ಟು ಸಲ ಅರ್ಜಿ ಹಾಕಿದರೂ ತಾವು ಅಷ್ಟೂ ಸಲ, ಬೇಸರಿಸದೆ, ಅದೇ ಉತ್ತರ ಕೊಡುತ್ತಿದ್ದಿರಿ. ಇಂಥ ಸಹನೆಯನ್ನು ಮನುಷ್ಯರಲ್ಲಿ ನಾನು ಕಂಡಿಲ್ಲ.

ಕಿಕ್ಕರ್ ಇಲ್ಲದ ಗಾಡಿಯನ್ನು ತಳ್ಳಿಯೇ ಎಬ್ಬಿಸಬೇಕು. ತಳ್ಳುತ್ತಾ ಓಡಿ ಹಾರಿ ಕೂರಲು ಅಕ್ಕನಿಗೆ ಆಗುವುದಿಲ್ಲ. ಆದ್ದರಿಂದ ಯಾರ ಮನೆಯಲ್ಲಿ ರಕ್ತ ತೆಗೆದಳೋ ಅವರನ್ನೇ ಕರೆಯಬೇಕಾಯಿತು. ಮಾನ್ಯರೇ, ಆ ದೃಶ್ಯವನ್ನು ತಾವು ಸೀಟಿನಡಿಯ ಕತ್ತಲಲ್ಲಿದ್ದುದರಿಂದ ನೋಡಲಾಗಲಿಲ್ಲವೆಂಬ ವ್ಯಥೆ ನನಗಿದೆ. ಹಿಂದಿನ ರಾತ್ರಿಯಿಂದ ಏನೂ ತಿನ್ನದ ರಿಟೈರ್ಡ್ ಮೇಷ್ಟ್ರು, ಆಗ ತಾನೇ ರಕ್ತ ಕೊಟ್ಟ ಎಡಗೈಯನ್ನು ಹತ್ತಿಯ ಮೇಲೆ ಮಡಚಿ ಹಿಡಿದು, ಬಲಗೈ ಒಂದರಿಂದಲೇ ತಳ್ಳುತ್ತಾ, "ತಾಯೀ, ರಕ್ತ ತಗೊಂಡೆ ಸರಿ, ಈಗ ಬೆವರೂ ಬೇಕಾ?" ಎನ್ನುತ್ತಿದ್ದರು. ಸಕ್ಕರೆ ಕಾಯಿಲೆಯ ಟೈಲರ್ ಮಗ್ಗುಲಿಂದ ಭುಜ ಕೊಡುತ್ತಾ, "ಗೇರಿಗೆ ಹಾಕಮ್ಮಾ, ಗೇರಿಗೆ! ಕ್ಲಚ್ ಬಿಡು! ಈಗಲ್ಲ, ಈಗ!" ಎಂದು ಕೂಗುತ್ತಿದ್ದರು. ಗಾಡಿ ಎದ್ದು ಹೊರಟ ಮೇಲೆ ಇಬ್ಬರೂ ಏದುಸಿರು ಬಿಡುತ್ತಾ, "ನಾನು ಆವತ್ತೇ ಹೇಳಿದ್ದೆ ಅವಳಿಗೆ ಸ್ಕೂಟರೇ ಸರಿ ಅಂತ" ಎಂದು ಒಪ್ಪಿಕೊಳ್ಳುತ್ತಿದ್ದರು. ಅಕ್ಕ ಅದನ್ನು ಕೇಳಿಸಿಕೊಂಡೂ ತಿರುಗಿ ನಗುತ್ತಿದ್ದಳು. ಉಪಕಾರ ಪಡೆದವರು ನಗಲೇಬೇಕಾದ ಆ ನಗು ಅವಳಿಗೆ ಬಾಲ್ಯದಿಂದ ಅಭ್ಯಾಸ. ಅದನ್ನು ಬಿಡಲೆಂದೇ ಅವಳು ಬೈಕು ಕೇಳಿದ್ದು.

ಎಂಜಿನ್ನನ್ನು ಆಫ್ ಮಾಡದೆಯೇ ಒಳಗೆ ಹೋಗುವ ಉಪಾಯವನ್ನೂ ಅವಳು ಮಾಡಿದಳು. ರಕ್ತ ತೆಗೆದು ಹೊರಗೆ ಬಂದರೆ ಬೈಕು ಸುಮ್ಮನೆ ನಿಂತಿತ್ತು, ಅದರ ಪಕ್ಕದಲ್ಲಿ ಪಕ್ಕದ ಮನೆಯ ಅಜ್ಜಿ ನಿಂತಿದ್ದರು. "ಪೆಟ್ರೋಲು ಸುಮ್ಮನೆ ಹೋಗ್ತಿತ್ತು ಮಗಾ, ನೀನು ಮರೆತೆ ಅಂತ ನಾನೇ ಆಫ್ ಮಾಡಿದೆ. ಕೀಲಿ ತಗೋ, ಯಾರಾದ್ರೂ ಕದ್ದಾರು" ಎಂದರು. ಅಕ್ಕ ಅವರನ್ನು ನೋಡಿಯೂ ನಕ್ಕಳು. ತಳ್ಳಲು ಅವರಿಗೆ ಶಕ್ತಿ ಇರಲಿಲ್ಲವಾದ್ದರಿಂದ, ತಳ್ಳುವವರನ್ನು ಕೂಗಿ ಕರೆಯುವ ಕೆಲಸವನ್ನು ಅವರೇ ವಹಿಸಿಕೊಂಡರು, ಅವರ ಗಂಟಲು ಮಾತ್ರ ತುಂಬ ಗಟ್ಟಿಯಾಗಿತ್ತು.

ಗ್ಯಾರೇಜಿಗೆ ದೂರು ಹೋಯಿತು. ಮಾವ ಮೊದಲು ಕ್ಲಿಪ್ಪು ಕಚ್ಚಿಸಿದರು, ಆಮೇಲೆ ಬಟನ್ ಒತ್ತಿದರು. ಒಂದೇ ಏಟಿಗೆ ಎಂಜಿನ್ ಎದ್ದಿತು. "ನೋಡು, ಗಾಡೀಲಿ ಏನೂ ಇಲ್ಲ. ನೀನು ಬಟನ್ ಒತ್ತೋ ರೀತಿ ಸರಿ ಇಲ್ಲ" ಎಂದರು. ಆಮೇಲೆ ಅಕ್ಕನಿಗೆ ಬಟನ್ ಒತ್ತುವುದು ಹೇಗೆಂದು ಕಲಿಸಲಾಯಿತು. ಮಾವ ಕಲಿಸಿದರು, ಮಾವನ ಗಿರಾಕಿಯೊಬ್ಬರು ಕಲಿಸಿದರು, ದಾರಿಯಲ್ಲಿ ಹೋಗುತ್ತಿದ್ದ ಪೇಂಟರ್ ಕೂಡ ನಿಂತು ಗೊತ್ತಿದ್ದಷ್ಟನ್ನು ಕಲಿಸಿದರು. ದಿನವೂ ಜನರ ತೋಳಿನಲ್ಲಿ ಕಣ್ಣಿಗೆ ಕಾಣದ ನರವನ್ನು ಬೆರಳ ತುದಿಯಿಂದ ಹುಡುಕಿ ಸೂಜಿ ಇಳಿಸುವವಳು, ಕೆಂಪು ಬಟನ್ ಒತ್ತುವ ಪಾಠವನ್ನು ಬಾಯಿ ಮುಚ್ಚಿಕೊಂಡು ಕೇಳಿಸಿಕೊಂಡಳು.

ಈ ಹಂತದಲ್ಲಿ ತಮ್ಮಲ್ಲಿ ಕೆಲವು ವಿನಂತಿಗಳನ್ನು ಮಾಡಿಕೊಳ್ಳಬೇಕೆಂದು ನನಗೆ ಅನ್ನಿಸಿತ್ತು, ಆಗ ಬಾಯಿ ಬರಲಿಲ್ಲ. ತಡವಾಗಿಯಾದರೂ ಹೇಳುತ್ತೇನೆ. ತಾವು ಖಾಲಿಯಾಗುವುದಿದ್ದರೆ ದಯವಿಟ್ಟು ಇಳಿಜಾರಿನಲ್ಲಿ ಮಾತ್ರ ಖಾಲಿಯಾಗಬೇಕಿತ್ತು. ಅದು ಆಗದಿದ್ದರೆ ರೋಗಿಗಳೆಲ್ಲ ಇಳಿಜಾರಿನಲ್ಲೇ ಮನೆ ಕಟ್ಟಿಸಿಕೊಳ್ಳುವಂತೆ ತಾವು ಅವರಿಗೊಂದು ಸುತ್ತೋಲೆ ಕಳಿಸಬೇಕಿತ್ತು. ಮಾವ ತಮ್ಮನ್ನು ನೋಡುವಾಗ ಅವರ ಕಣ್ಣಲ್ಲಿ ಹೊಳೆಯುವ ಬೆಳಕಿನಿಂದಲೇ ಒಂದಿಷ್ಟು ಚಾರ್ಜ್ ಮಾಡಿಕೊಳ್ಳಲು ಸಾಧ್ಯವೇ ಎಂದು ಪರಿಶೀಲಿಸಬಹುದಿತ್ತು. ಮೈಮೇಲೆ ಬರೆಸಿಕೊಂಡ ಹನ್ನೆರಡರಲ್ಲಿ ಒಳಗೆ ಇಲ್ಲದ ಎಂಟನ್ನು ಎಲ್ಲಿ ಇಟ್ಟಿದ್ದೀರೆಂದು ತಿಳಿಸಿದ್ದರೆ ನಾನೇ ಹೋಗಿ ತರುತ್ತಿದ್ದೆ. ಇವು ಯಾವುವೂ ಆಗದಿದ್ದರೆ, ತಾವು ಅಷ್ಟೊಂದು ಹಗುರವಾಗಿರುವುದರಿಂದ, ಕೆಳಗಿಳಿದು ನಮ್ಮೊಂದಿಗೆ ಒಂದು ಕೈ ತಳ್ಳಲು ತಮಗೆ ಕಷ್ಟವಾಗುತ್ತಿರಲಿಲ್ಲ.

ತಂಪು ಪೆಟ್ಟಿಗೆಯ ಮಂಜುಗಡ್ಡೆ ಯಾರಿಗೂ ಕಾಯುವುದಿಲ್ಲ. ಸೀಸೆಗಳು ಲ್ಯಾಬಿಗೆ ತಡವಾಗಿ ತಲುಪತೊಡಗಿದವು, ಒಂದು ದಿನ ಕೆಲವನ್ನು ಚೆಲ್ಲಿ ಅದೇ ಜನರ ತೋಳಿಗೆ ಮತ್ತೆ ಚುಚ್ಚಬೇಕಾಯಿತು. ಲ್ಯಾಬಿನ ಮೇಡಂ ಅಕ್ಕನನ್ನು ಕರೆದರು. ಅವರು ಬೈಯಲಿಲ್ಲ, ಬೈದಿದ್ದರೆ ಅಕ್ಕ ಜಗಳವಾಡುತ್ತಿದ್ದಳು. ತುಂಬ ಮೆತ್ತಗೆ, "ಸೋಮವಾರದಿಂದ ನೀನು ಕೌಂಟರಲ್ಲೇ ಕೂತ್ಕೊಳಮ್ಮ, ಮನೆಗಳಿಗೆ ಬೇರೆಯವರು ಹೋಗಲಿ. ನಿನಗೂ ಆರಾಮು" ಎಂದರು. ಆ ಸಂಜೆ ಅಕ್ಕ ನನ್ನ ಹೊಲಿಗೆಯಂಗಡಿಗೆ ಬಂದು, ರೆಕ್ಸಿನ್ ಸುರುಳಿಯ ಮೇಲೆ ಕೂತಳು. ಆಮೇಲೆ, "ಆರಾಮಂತೆ ಕಣೋ" ಎಂದಳು. ಅಷ್ಟೇ.

ಮಾರನೆ ದಿನ ಅವಳು ಗ್ಯಾರೇಜಿಗೆ ಹೋಗಿ, ಮಾವನ ಕೈಲಿದ್ದ ಸ್ಪ್ಯಾನರ್ ಕಿತ್ತು ಕೆಳಗಿಟ್ಟು, "ಮಾವ, ಹಿಂದೆ ಹತ್ತಿ" ಎಂದಳು. "ಯಾಕೆ?" ಎಂದರು. "ನನ್ನ ಬಟನ್ ಒತ್ತೋ ರೀತಿ ನೋಡೋರಂತೆ, ಬನ್ನಿ." ಮಾವ ಮೀಸೆ ನೀವಿಕೊಂಡು ತಂಪು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತರು. ನಾನು ಸೈಕಲ್ಲಿನಲ್ಲಿ ಹಿಂಬಾಲಿಸಿದೆ. ಮೊದಲ ಕೆಲವು ಮನೆಗಳವರೆಗೆ ಮಾವ, "ನೋಡಿದ್ಯಾ, ನೋಡಿದ್ಯಾ" ಎನ್ನುತ್ತಿದ್ದರು. ಆಮೇಲೆ ತಾವು ಟಕ್ ಎಂದಿರಿ. ಮಾವ ಅಭ್ಯಾಸದಂತೆ ಕೆಂಪು ಕಪ್ಪು ವೈರಿಗಾಗಿ ಕೈಚಾಚಿದರು, ಬೀದಿಯಲ್ಲಿ ಸ್ಟೂಲು ಇರಲಿಲ್ಲ. ಇಳಿದು ತಳ್ಳಿದರು. ನಾಲ್ಕು ಮನೆಯಾಚೆ ಮತ್ತೆ ಇಳಿದು ತಳ್ಳಿದರು. ಮೇಷ್ಟ್ರ ಮನೆಯ ಹತ್ತಿರ ಬರುವಷ್ಟರಲ್ಲಿ ಅವರ ಅಂಗಿ ಬೆನ್ನಿಗೆ ಅಂಟಿತ್ತು. ಮೇಷ್ಟ್ರು ಹೊರಗೆ ಬಂದು, "ನೀವು ಹೊಸಬರು ಅಂತ ಕಾಣುತ್ತೆ. ಅಷ್ಟು ಬಗ್ಗಬೇಡಿ, ಸೊಂಟ ಹಿಡ್ಕೊಳುತ್ತೆ. ಹಿಂದಿನ ಕಂಬಿ ಹಿಡೀರಿ" ಎಂದು ತಳ್ಳುವ ವಿದ್ಯೆಯನ್ನು ಅವರಿಗೆ ಉಪದೇಶಿಸಿದರು.

ಮಾವ ರಸ್ತೆಯ ಅಂಚಿನ ಕಲ್ಲಿನ ಮೇಲೆ ಕುಸಿದು ಕೂತರು. "ಅಲ್ಲಾ ಕಣೇ, ಮನೆಮನೆಗೂ ಹೀಗೆ ನಿಲ್ಲಿಸ್ತೀಯ ಅಂತ ನೀನು ಮೊದಲೇ ಯಾಕೆ ಹೇಳಲಿಲ್ಲ?"

"ನೀವು ನನ್ನ ಎಲ್ಲಿ ಕೇಳಿದ್ರಿ ಮಾವ? ಡಬ್ಬೀನ ಕೇಳಿದ್ರಿ" ಎಂದಳು ಅಕ್ಕ.

ಅವಳು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಕೈಗೆ ಹತ್ತಿದ ಸ್ಪಿರಿಟ್ಟನ್ನು ಒರೆಸಿಕೊಳ್ಳುತ್ತಾ, ಮುಂದಿನ ಮನೆಯ ಚೀಟಿಯನ್ನು ನೋಡುತ್ತಾ ಹೇಳಿದಳು. ಮಾವ ಅಂಗಿಯಂಚಿನಿಂದ ಮುಖ ಒರೆಸಿಕೊಂಡರು. ನಾನು ಸೈಕಲ್ಲಿನ ಚೈನನ್ನು ಬಹಳ ಗಮನವಿಟ್ಟು ನೋಡತೊಡಗಿದೆ.

ಆ ಮಧ್ಯಾಹ್ನ ಅಕ್ಕ ತಾನೇ ಬ್ಯಾಟರಿ ಅಂಗಡಿಗೆ ಹೋದಳು, ಕೈಯಲ್ಲಿ ಏನನ್ನೂ ಹಿಡಿದುಕೊಳ್ಳದೆ. ಗಾಡಿ ಯಾವುದು, ದಿನಕ್ಕೆ ಹೇಗೆ ಓಡುತ್ತದೆ, ಎಲ್ಲೆಲ್ಲಿ ನಿಲ್ಲುತ್ತದೆ ಎಂದು ಹೇಳಿದಳು. ಅಂಗಡಿಯವರು ಗಾಜಿನ ಕಪಾಟಿನ ಕಡೆ ತಿರುಗಿಯೂ ನೋಡದೆ, ನೆಲದ ಮೇಲೆ ಕೂತಿದ್ದವರಲ್ಲಿ ಒಬ್ಬರನ್ನು ಎರಡೂ ಕೈಯಿಂದ ಎತ್ತಿ ಮೇಜಿನ ಮೇಲಿಟ್ಟರು, ಮೇಜು ನರಳಿತು. ಅವರ ಮೈಮೇಲೆ ಎಷ್ಟು ಬರೆದಿದೆಯೋ ಒಳಗೂ ಅಷ್ಟೇ ಇದೆಯಂತೆ. ತಮ್ಮ ಕುಲದಲ್ಲಿ ಇಂಥವರೂ ಇದ್ದಾರೆಂದು ತಮಗೆ ಗೊತ್ತಿತ್ತೇ?

"ಇದನ್ನ ಎಲ್ಲಿಡಲಿ? ನನ್ನ ತಲೆ ಮೇಲಾ?" ಎಂದರು ಮಾವ. "ಅದು ನಿಮ್ಮ ಕೆಲಸ ಮಾವ. ನನ್ನ ಕೆಲಸ ನಾನು ಮಾಡಿದ್ದೀನಿ" ಎಂದಳು ಅಕ್ಕ. ಮಾವ ಗ್ರೈಂಡರ್ ಹಿಡಿದು ಆ ಕೂಸಿನ ಕೆನ್ನೆಯಂಥ ಡಬ್ಬಿಯನ್ನು ಕೊಯ್ದು ತೆಗೆದಾಗ, ಕಿಡಿ ಹಾರಿ ಕಣ್ಣಲ್ಲಿ ನೀರು ಬಂತೆಂದು ಹೇಳಿದರು. ಆದರೆ ಕಣ್ಣಿಗೆ ಕಿಡಿ ತಾಗದಂತೆ ಕನ್ನಡಕ ಹಾಕಿಯೇ ಇದ್ದರು. ಹೊಸಬರನ್ನು ಸೀಟಿನ ಕೆಳಗೆ ಕಬ್ಬಿಣದ ತಟ್ಟೆಯ ಮೇಲೆ ಕೂರಿಸಿ ರಬ್ಬರ್ ಪಟ್ಟಿಯಿಂದ ಬಿಗಿಯಲಾಗಿದೆ. ಈಗ ಈ ಕಡೆಯಿಂದ ನೋಡಿದರೆ ಆ ಕಡೆಯ ಬೆಳಕು ಕಾಣುವುದಿಲ್ಲ. ಪಕ್ಕದಿಂದ ನೋಡಿದರೆ ಅಂಗಿಯ ಗುಂಡಿ ಬಿಗಿಯಾದ ಗುಮಾಸ್ತರಂತೆ ಹೊಟ್ಟೆ ಹೊರಗೆ ಬಂದಿರುತ್ತದೆ. ಮುಚ್ಚಲೆಂದು ನಾನೊಂದು ಚರ್ಮದ ಕವಚ ಹೊಲಿದುಕೊಂಡು ಹೋಗಿದ್ದೆ. "ಬೇಡ ಬಿಡೋ, ಕಾಣಲಿ" ಎಂದು ಅಕ್ಕ ವಾಪಸು ಕೊಟ್ಟಳು.

ಲ್ಯಾಬಿನ ಮೇಡಂ ಹತ್ತಿರ ಒಂದು ದಿನದ ಅವಕಾಶ ಕೇಳಿ, ಸೋಮವಾರ ಬೆಳಿಗ್ಗೆ ಅಕ್ಕ ಹೊರಟಳು. ಏನಾದರೂ ಆದರೆ ಇರಲಿ ಎಂದು ನಾನು ಸೈಕಲ್ಲಿನಲ್ಲಿ ಹಿಂದೆ ಹೋದೆ, ನನ್ನಿಂದ ಏನೂ ಆಗಬೇಕಾಗಲಿಲ್ಲ. ಒಂದೊಂದೇ ಮನೆ ಮುಗಿಯಿತು. ಮೇಷ್ಟ್ರ ಮನೆಯೆದುರು ಅಕ್ಕ ಹೊರಗೆ ಬರುವಷ್ಟರಲ್ಲಿ, ಹತ್ತಿ ಒತ್ತಿದ ತೋಳನ್ನು ಮಡಚಿಕೊಂಡೇ ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ಹಿಂದಿನ ಕಂಬಿಯ ಹತ್ತಿರ ನಿಂತಿದ್ದರು. ಟೈಲರ್ ಟೇಪನ್ನು ಕುತ್ತಿಗೆಯಿಂದ ತೆಗೆದು ಜೇಬಿಗಿಟ್ಟು ಭುಜ ಸಿದ್ಧಮಾಡಿಕೊಂಡಿದ್ದರು. ಅಜ್ಜಿ ಗಂಟಲು ಸರಿಮಾಡಿಕೊಂಡರು. ಅಕ್ಕ ಪೆಟ್ಟಿಗೆಯನ್ನು ಕಟ್ಟಿದಳು, ಕೂತಳು, ಹೆಬ್ಬೆರಳನ್ನು ಬಟನ್ನಿನ ಮೇಲಿಟ್ಟಳು, ಗಾಡಿ ಎದ್ದಿತು, ಹೊರಟೇ ಹೋದಳು. ಯಾರತ್ತಲೂ ತಿರುಗಿ ನಗಲಿಲ್ಲ. ಮೂವರೂ ಬೀದಿಯ ನಡುವೆ, ತಳ್ಳಲು ಚಾಚಿದ ಕೈಗಳನ್ನೂ ಕೂಗಲು ತೆರೆದ ಬಾಯನ್ನೂ ಏನು ಮಾಡಬೇಕೆಂದು ತಿಳಿಯದೆ, ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದರು. "ಅಲ್ಲಾ, ಒಂದು ಮಾತೂ ಹೇಳದೆ ಹೋಗೇಬಿಟ್ಟಳಲ್ಲ" ಎಂದು ಮೇಷ್ಟ್ರು ಬೇಜಾರು ಮಾಡಿಕೊಂಡು ತಿಂಡಿ ತಿನ್ನಲು ಒಳಗೆ ಹೋದರು.

ಸೀಸೆಗಳು ಹೊತ್ತಿಗೆ ಸರಿಯಾಗಿ ಲ್ಯಾಬು ತಲುಪಿದವು, ಅಕ್ಕ ಕೌಂಟರಿಗೆ ಮರಳಲಿಲ್ಲ. ಆದ್ದರಿಂದ, ಮಾನ್ಯರೇ, ತಮ್ಮ ಸೇವೆ ನಮಗೆ ಇನ್ನು ಬೇಕಾಗಿಲ್ಲವೆಂದು ತಿಳಿಸಲು ವಿಷಾದಿಸಬೇಕೆಂದಿದ್ದೆ, ಎಷ್ಟು ಪ್ರಯತ್ನಿಸಿದರೂ ವಿಷಾದ ಬರುತ್ತಿಲ್ಲ. ತಮ್ಮ ಚೆಲುವಿಗೂ ಹಗುರಕ್ಕೂ ತಕ್ಕ ಬೇರೆ ಜೀವನ ತಮಗೆ ಸಿಗಲೆಂದು ಹಾರೈಸುತ್ತಾ, ಬರೆದದ್ದರಲ್ಲಿ ಹೆಚ್ಚುಕಡಿಮೆಯಾಗಿದ್ದರೆ ತಮ್ಮ ಮೈಮೇಲಿನ ಅಂಕಿಯನ್ನು ಓದುವಂತೆಯೇ ಉದಾರವಾಗಿ ಓದಿಕೊಳ್ಳಬೇಕೆಂದು ಬೇಡುವ,

ತಮ್ಮ ವಿಶ್ವಾಸಿ,
ತಮ್ಮ ಮೇಲಿನ ಸೀಟನ್ನು ಹೊಲಿದವನು

ತಾಜಾ ಕಲಂ: ಕಾಗದ ಮಡಿಸುವ ಹೊತ್ತಿಗೆ ಮಾವನಿಂದ ಒಳ್ಳೆಯ ಸುದ್ದಿ ಬಂತು. ತಮಗೆ ಬೇರೊಂದು ಬೈಕಿನಲ್ಲಿ ಕೆಲಸ ಗೊತ್ತಾಗಿದೆ. ಅದರ ಯಜಮಾನರು ತುಂಬ ಅನುಕೂಲಸ್ಥರು, ಬೈಕನ್ನು ಮನೆಯ ಹಜಾರದಲ್ಲಿ ರತ್ನಗಂಬಳಿಯ ಮೇಲೆ ನಿಲ್ಲಿಸಿ, ಅದಕ್ಕೆ ಒರಗಿ ಫೋಟೊ ತೆಗೆಸಿಕೊಳ್ಳುತ್ತಾರಂತೆ, ಇಳಿಸಿ ಓಡಿಸುವ ಯೋಚನೆ ಸದ್ಯಕ್ಕಿಲ್ಲವಂತೆ. ಅಲ್ಲಿ ತಾವು ಬಹುಕಾಲ ಬಾಳುವಿರೆಂಬುದರಲ್ಲಿ ನನಗೆ ಸಂಶಯವೇ ಇಲ್ಲ.